ಹೊಗೆಯ ಲೆಕ್ಕ

1918ನೆಯ ಇಸವಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಒಂದು ವಿಚಿತ್ರವಾದ ತನಿಖೆ ನಡೆಯಿತು. ಹತ್ತಿಯ ಗಿರಣಿಗಳಿಂದ ಲೋಕಪ್ರಸಿದ್ಧವಾಗಿದ್ದ ಆ ನಗರದ ಆಕಾಶವನ್ನು ಕಲ್ಲಿದ್ದಲಿನ ಹೊಗೆ ಹಗಲಿರುಳೂ ಮುಸುಕಿರುತ್ತಿತ್ತು. ಒಣಹಾಕಿದ ಬಟ್ಟೆ ಮನೆಯೊಳಕ್ಕೆ ಬರುವ ವೇಳೆಗೆ ಮತ್ತೆ ಮಾಸಿರುತ್ತಿತ್ತು. ನಗರದ ವಾಯುಮಾಲಿನ್ಯ ಸಲಹಾ ಮಂಡಳಿಯು ಕೇಳಿದ ಪ್ರಶ್ನೆ ತೀರ ಸಾಮಾನ್ಯವಾದುದು: ಕೂಲಿಕಾರರ ಮನೆಗಳಲ್ಲಿ ವಾರದ ಬಟ್ಟೆ ಒಗೆಯಲು ಎಷ್ಟು ಖರ್ಚಾಗುತ್ತದೆ?

ಉತ್ತರವನ್ನು ಮ್ಯಾಂಚೆಸ್ಟರಿನಲ್ಲಿ ಮಾತ್ರ ಹುಡುಕಿದ್ದರೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಹೊಗೆಯಿಲ್ಲದಿದ್ದರೂ ಬಟ್ಟೆಯನ್ನು ಒಗೆಯಲೇಬೇಕಷ್ಟೆ. ಆದುದರಿಂದ ಹ್ಯಾರೊಗೇಟ್ ಎಂಬ ನಿರ್ಮಲವಾದ ಗಾಳಿಯ ಇನ್ನೊಂದು ಊರನ್ನು ಹೋಲಿಕೆಗಾಗಿ ಆರಿಸಿಕೊಂಡರು. ಎರಡು ಊರುಗಳಿಂದಲೂ ಒಂದೇ ಬಗೆಯ ಸ್ಥಿತಿಗತಿಯುಳ್ಳ ನೂರು ನೂರು ಕುಟುಂಬಗಳ ಖರ್ಚಿನ ವಿವರವನ್ನು ಸಂಗ್ರಹಿಸಿದರು. ಸೋಪು, ಸೋಡ, ನೀರು ಕಾಯಿಸುವ ಇಂಧನ ಇವುಗಳಿಗೆ ಮ್ಯಾಂಚೆಸ್ಟರಿನ ಒಂದು ಕುಟುಂಬ ವಾರಕ್ಕೆ ಏಳೂವರೆ ಪೆನ್ನಿಯಷ್ಟು ಹೆಚ್ಚು ವೆಚ್ಚಮಾಡುತ್ತಿತ್ತು. ಕೇಳಲು ಇದು ಅಲ್ಪ ಮೊತ್ತ. ಆದರೆ ವರ್ಷಕ್ಕೆ ಒಂದು ಮನೆಗೆ 1 ಪೌಂಡು 12 ಷಿಲ್ಲಿಂಗು 6 ಪೆನ್ನಿ ಆಗುತ್ತದೆ. ಏಳೂವರೆ ಲಕ್ಷ ಜನರಿದ್ದ ಇಡೀ ನಗರಕ್ಕೆ ಲೆಕ್ಕ ಹಾಕಿದಾಗ ನಷ್ಟವು ವರ್ಷಕ್ಕೆ 2,90,000 ಪೌಂಡುಗಳನ್ನು ಮೀರಿತು.

ಈ ಲೆಕ್ಕವನ್ನು ಮಾಡಿದವರು ಪ್ರಾಮಾಣಿಕರು. ತಾವು ಏನನ್ನು ಬಿಟ್ಟಿದ್ದೇವೆ ಎಂಬುದನ್ನೂ ಅವರು ತಿಳಿಸಿದರು. ಬಟ್ಟೆಯನ್ನು ಮತ್ತೆ ಮತ್ತೆ ಕುದಿಸಿ, ಉಜ್ಜಿ, ಹಿಂಡಿದ ಹೆಂಗಸರ ಹೆಚ್ಚುವರಿ ದುಡಿಮೆಗೆ ಅವರು ಬೆಲೆ ಕಟ್ಟಿರಲಿಲ್ಲ. ಸೋಪಿಗೆ ಅಂಗಡಿಯಲ್ಲಿ ಬೆಲೆಯಿತ್ತು. ಆ ದುಡಿಮೆಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ಮುಂದೆ ಊರುಗಳ ಬದಲು ದೇಶಗಳನ್ನು ಹೋಲಿಸುವ ಕಾಲ ಬಂದಾಗಲೂ ಈ ತೊಡಕು ಪರಿಹಾರವಾಗಲಿಲ್ಲ.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಎ. ಸಿ. ಪಿಗೂ ಎಂಬ ಅರ್ಥಶಾಸ್ತ್ರಜ್ಞರು, 1920ರಲ್ಲಿ ಮೊದಲು ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮ್ಯಾಂಚೆಸ್ಟರಿನ ಈ ಒಗೆತದ ಲೆಕ್ಕವನ್ನು ಉದಾಹರಿಸಿದ್ದಾರೆ. ಅವರ ವಾದ ಸರಳವಾದುದು. ಗಿರಣಿಯ ಮಾಲೀಕನು ಕಲ್ಲಿದ್ದಲನ್ನು ಕೊಂಡರೆ ಹಣ ತೆರುತ್ತಾನೆ. ಕೂಲಿಗೂ ಯಂತ್ರಕ್ಕೂ ಹಣ ತೆರುತ್ತಾನೆ. ಇವೆಲ್ಲ ಅವನ ಲೆಕ್ಕದ ಪುಸ್ತಕದಲ್ಲಿ ದಾಖಲಾಗುತ್ತವೆ. ಆದರೆ ಅವನ ಹೊಗೆಯಿಂದ ನೆರೆಯವರ ಬಟ್ಟೆ ಮಾಸಿದರೆ, ತರಕಾರಿಯ ತೋಟ ಬಾಡಿದರೆ, ಕಟ್ಟಡದ ಕಲ್ಲು ಸವೆದರೆ ಆ ನಷ್ಟವು ಅವನ ಪುಸ್ತಕಕ್ಕೆ ಬರುವುದಿಲ್ಲ. ವೆಚ್ಚ ಇಲ್ಲವಾಗಲಿಲ್ಲ, ಅದನ್ನು ತೆರುವವರು ಬೇರೆಯಾದರು, ಅಷ್ಟೆ. ಹೀಗೆ ಒಬ್ಬನ ಉದ್ಯಮದಿಂದ ಉಂಟಾಗಿ ಇನ್ನೊಬ್ಬನ ತಲೆಯ ಮೇಲೆ ಬೀಳುವ ವೆಚ್ಚವನ್ನು ಸಮಾಜದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು ಪಿಗೂ ಪ್ರತಿಪಾದಿಸಿದರು.

ಸರ್ಕಾರಗಳು ಈ ಮಾತಿಗೆ ಕಿವಿಗೊಡಲು ಬಹಳ ಕಾಲ ಹಿಡಿಯಿತು. 1952ನೆಯ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ದಟ್ಟವಾದ ಹೊಗೆಮಂಜು ಕವಿಯಿತು. ಆ ದಿನಗಳಲ್ಲೂ ಅವುಗಳ ಬೆನ್ನಲ್ಲೇ ಬಂದ ವಾರಗಳಲ್ಲೂ ಸುಮಾರು 4,000 ಜನ ಹೆಚ್ಚಾಗಿ ಸತ್ತರೆಂದು ಆಗ ಅಂದಾಜು ಮಾಡಲಾಯಿತು. ಈ ಸಂಖ್ಯೆ ಸುಮಾರು 12,000 ಇರಬೇಕೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯ ಸಮಿತಿಯು 1954ರಲ್ಲಿ ಕೊಟ್ಟ ವರದಿಯು, ಹೊಗೆಯಿಂದ ಬ್ರಿಟನ್ನಿಗೆ ವರ್ಷವೊಂದಕ್ಕೆ ಸುಮಾರು 25 ಕೋಟಿ ಪೌಂಡು ನಷ್ಟವಾಗುತ್ತಿದೆಯೆಂದು ತಿಳಿಸಿತು. 1956ರಲ್ಲಿ ಶುದ್ಧವಾಯು ಕಾಯಿದೆ ಜಾರಿಗೆ ಬಂದಿತು. ಸಾವಿನ ಸುದ್ದಿಗೆ ಹಣದ ಮೊತ್ತವೂ ಜೊತೆಯಾದ ಮೇಲೆಯೇ ಕಾಯಿದೆ ಬಂದಿತೆಂಬುದು ಗಮನಿಸತಕ್ಕ ಸಂಗತಿ.

ಗಾಳಿಯಲ್ಲಿರುವ ಕಲ್ಮಶವು ಹಣದ ನಷ್ಟವಾಗಿ ಮಾರ್ಪಡುವುದು ಹೇಗೆ? ಕಣ್ಣಿಗೆ ಕಾಣುವ ಮಸಿಗಿಂತ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳೇ ಹೆಚ್ಚು ಅಪಾಯಕರ. ಎರಡೂವರೆ ಮೈಕ್ರಾನಿಗಿಂತ ಕಡಿಮೆ ವ್ಯಾಸವುಳ್ಳ ಕಣಗಳನ್ನು ವಿಜ್ಞಾನಿಗಳು ವಿಶೇಷವಾಗಿ ಅಳೆಯುತ್ತಾರೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪದ ಮುಂದೆ ಈ ಕಣದ ವ್ಯಾಸ ಇಪ್ಪತ್ತನೆಯ ಒಂದು ಪಾಲಿನಷ್ಟು. ದೊಡ್ಡ ಧೂಳನ್ನು ಮೂಗು ಗಂಟಲುಗಳು ತಡೆಯುತ್ತವೆ. ಇಷ್ಟು ಸಣ್ಣ ಕಣಗಳಾದರೋ ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಹೊಕ್ಕು, ಅಲ್ಲಿಂದ ರಕ್ತವನ್ನೂ ಸೇರಬಲ್ಲವು. ಹೃದ್ರೋಗ, ಪಾರ್ಶ್ವವಾಯು, ಬಹುಕಾಲದ ಉಬ್ಬಸ, ಶ್ವಾಸಕೋಶದ ಕ್ಯಾನ್ಸರ್, ಎಳೆಯ ಮಕ್ಕಳ ನ್ಯುಮೋನಿಯ ಇವು ಅದರಿಂದ ಹೆಚ್ಚುತ್ತವೆ. ರೋಗಿಯ ಔಷಧಕ್ಕೆ ಹಣ ಬೇಕು. ಅವನು ಕೆಲಸಕ್ಕೆ ಹೋಗದ ದಿನ ಕೂಲಿಯಿಲ್ಲ. ಅವನನ್ನು ನೋಡಿಕೊಳ್ಳುವವರಿಗೂ ಕೆಲಸ ತಪ್ಪುತ್ತದೆ. ಅಕಾಲದಲ್ಲಿ ಮೃತನಾದರೆ ಅವನು ಮುಂದೆ ದುಡಿಯಬಹುದಾಗಿದ್ದ ವರ್ಷಗಳೆಲ್ಲ ನಷ್ಟ.

ಇವಲ್ಲದೆ ಬೆಳೆಗೂ ಕಟ್ಟಡಗಳಿಗೂ ಹಾನಿಯಾಗುತ್ತದೆ. ಕಲ್ಲಿದ್ದಲನ್ನು ಉರಿಸಿದಾಗ ಹೊರಡುವ ಗಂಧಕದ ಡೈಆಕ್ಸೈಡ್ ಅನಿಲವು ಮೋಡದ ನೀರಿನೊಡನೆ ಕೂಡಿ ಆಮ್ಲಮಳೆಯಾಗಿ ಸುರಿಯುತ್ತದೆ. ಚೀನಾದ ಲೇಷಾನ್ ಎಂಬಲ್ಲಿ ಬಂಡೆಯಲ್ಲಿ ಕೊರೆದ ಬೃಹತ್ ಬುದ್ಧವಿಗ್ರಹ ಈ ಮಳೆಗೆ ತುತ್ತಾಗಿದೆ. ಆಗ್ರಾದ ತಾಜಮಹಲಿನ ಅಮೃತಶಿಲೆಗೆ ಒದಗಿದ ಅಪಾಯವನ್ನು ಕುರಿತು 1996ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೇ ತೀರ್ಪು ನೀಡಿ, ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲನ್ನು ಬಿಟ್ಟು ನೈಸರ್ಗಿಕ ಅನಿಲವನ್ನು ಬಳಸಬೇಕು, ಇಲ್ಲವೆ ಸ್ಥಳಾಂತರಗೊಳ್ಳಬೇಕು ಎಂದು ಆಜ್ಞಾಪಿಸಿತು. ತಾಜಮಹಲಿನ ಬೆಲೆಯೆಷ್ಟು ಎಂದು ಕೇಳುವುದು ಹಾಸ್ಯಾಸ್ಪದವಾದೀತು. ಆದರೆ ಅದಕ್ಕಿಂತ ಕಠಿನವಾದ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ದಿನವೂ ಕೇಳಿಕೊಳ್ಳಬೇಕಾಗುತ್ತದೆ: ಒಂದು ಜೀವದ ಬೆಲೆಯೆಷ್ಟು?

ಮ್ಯಾಂಚೆಸ್ಟರಿಗೆ ಹ್ಯಾರೊಗೇಟ್ ಜೊತೆಯಾದಂತೆ, ಇಪ್ಪತ್ತೊಂದನೆಯ ಶತಮಾನದಲ್ಲಿ ಈ ವಿಷಯದ ಚರ್ಚೆಯಲ್ಲಿ ಚೀನಾ ಮತ್ತು ಭಾರತ ಜೊತೆಯಾಗಿ ಬರುತ್ತವೆ. ಆದರೆ ಇಲ್ಲಿ ಎರಡರ ಗಾಳಿಯೂ ಮಲಿನವಾದುದೇ. ಎರಡೂ ನೂರು ಕೋಟಿಗಿಂತ ಹೆಚ್ಚು ಜನಸಂಖ್ಯೆಯುಳ್ಳ ರಾಷ್ಟ್ರಗಳು. ಎರಡೂ ತಮ್ಮ ವಿದ್ಯುತ್ತಿನ ಬಹುಭಾಗವನ್ನು ಕಲ್ಲಿದ್ದಲಿನಿಂದ ಪಡೆಯುತ್ತ ಬಂದಿವೆ. ಆದರೆ ಹೊಗೆ ಹುಟ್ಟುವ ಬಗೆ ಒಂದೇ ಅಲ್ಲ. ಚೀನಾದಲ್ಲಿ ಉಕ್ಕು ಸಿಮೆಂಟುಗಳ ದೊಡ್ಡ ಕಾರ್ಖಾನೆಗಳೂ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಕಲ್ಲಿದ್ದಲೂ ಮುಖ್ಯ ಕಾರಣಗಳು. ಭಾರತದಲ್ಲಿ ವಿದ್ಯುತ್ ಸ್ಥಾವರಗಳು, ವಾಹನಗಳು, ಇಟ್ಟಿಗೆಯ ಗೂಡುಗಳು, ಶರತ್ಕಾಲದಲ್ಲಿ ಪಂಜಾಬ್ ಹರಿಯಾಣಗಳ ಗದ್ದೆಗಳಲ್ಲಿ ಸುಡುವ ಬತ್ತದ ಕೂಳೆ ಇವುಗಳ ಜೊತೆಗೆ ಕೋಟ್ಯಂತರ ಅಡಿಗೆಮನೆಗಳ ಸೌದೆ ಬೆರಣಿಗಳ ಹೊಗೆಯೂ ಸೇರುತ್ತದೆ. ಚೀನಾದ ಹಳ್ಳಿಗಳಲ್ಲೂ ಸೌದೆ ಕಲ್ಲಿದ್ದಲುಗಳ ಒಲೆಗಳುಂಟು.

ಚೀನಾದ ಚಳಿಗಾಲದ ಕಲ್ಲಿದ್ದಲಿನ ಕತೆ ಸ್ವಲ್ಪ ವಿವರವಾಗಿ ಹೇಳತಕ್ಕದ್ದು. 1950ರ ದಶಕದಿಂದ ಆ ದೇಶದ ಸರ್ಕಾರ ಹ್ವಾಯ್ ನದಿಯ ಉತ್ತರಕ್ಕಿರುವ ನಗರಗಳಿಗೆ ಮನೆ ಕಾಯಿಸುವ ವ್ಯವಸ್ಥೆಯನ್ನು ಒದಗಿಸಿತು. ದೊಡ್ಡ ಬಾಯ್ಲರುಗಳಲ್ಲಿ ಕಲ್ಲಿದ್ದಲನ್ನು ಉರಿಸಿ, ಬಿಸಿನೀರನ್ನು ಕೊಳವೆಗಳ ಮೂಲಕ ಮನೆಮನೆಗೂ ಹರಿಸುತ್ತಿದ್ದರು. ಜನರು ಅದಕ್ಕೆ ಹಣ ಕೊಡಬೇಕಾಗಿರಲಿಲ್ಲ, ಇಲ್ಲವೆ ಅತ್ಯಲ್ಪ ಹಣ ಕೊಡುತ್ತಿದ್ದರು. ಬೊಕ್ಕಸದಲ್ಲಿ ಹಣ ಸಾಲದೆ ನದಿಯ ದಕ್ಷಿಣಕ್ಕೆ ಈ ಸೌಕರ್ಯವನ್ನು ವಿಸ್ತರಿಸಲಾಗಲಿಲ್ಲ. ದಕ್ಷಿಣದವರು ಚಳಿಯಲ್ಲಿ ನಡುಗಿದರು, ಉತ್ತರದವರು ಬೆಚ್ಚಗಿದ್ದರು. ಉಪಕಾರವೆಂದೇ ಮಾಡಿದ ಈ ಏರ್ಪಾಡಿನ ಫಲವನ್ನು ಚೀನಾ, ಅಮೆರಿಕ ಮತ್ತು ಇಸ್ರೇಲುಗಳ ಸಂಶೋಧಕರು ಹಲವು ದಶಕಗಳ ಬಳಿಕ ಪರಿಶೀಲಿಸಿದರು. ನದಿಯ ಎರಡು ದಡಗಳ ಜನರನ್ನು ಹೋಲಿಸಿದಾಗ ಉತ್ತರದವರ ಸರಾಸರಿ ಆಯುಸ್ಸು ಐದೂವರೆ ವರ್ಷದಷ್ಟು ಕಡಿಮೆಯೆಂದು 2013ರಲ್ಲಿ ಪ್ರಕಟವಾದ ಅವರ ಅಧ್ಯಯನ ತಿಳಿಸಿತು. ಇನ್ನಷ್ಟು ಹೊಸ ಅಂಕಿ ಅಂಶಗಳನ್ನು ಬಳಸಿ 2017ರಲ್ಲಿ ಮತ್ತೆ ಲೆಕ್ಕ ಮಾಡಿದಾಗ ಈ ಅಂತರ 3.1 ವರ್ಷವೆಂದು ಕಂಡುಬಂದಿತು. ಮೊದಲಿನ ಅಂಕಿಗಿಂತ ಇದು ಕಡಿಮೆಯೇ. ಆದರೂ ಕೋಟಿಗಟ್ಟಲೆ ಜನರ ಬಾಳಿನಲ್ಲಿ ಮೂರು ಮೂರು ವರ್ಷಗಳೆಂದರೆ ಅದೇನು ಸಾಮಾನ್ಯವಾದ ನಷ್ಟವಲ್ಲ.

ಕಳೆದುಹೋದ ಇಂಥ ವರ್ಷಗಳನ್ನು ಹಣಕ್ಕೆ ಪರಿವರ್ತಿಸಲು ಎರಡು ಕ್ರಮಗಳು ಬಳಕೆಯಲ್ಲಿವೆ. ಮೊದಲನೆಯದು ದುಡಿಮೆಯ ಕ್ರಮ. ಮೃತನು ಬದುಕಿದ್ದರೆ ಎಷ್ಟು ಸಂಪಾದಿಸುತ್ತಿದ್ದನೋ ಅಷ್ಟು ನಷ್ಟ ಎಂದು ಇದರಲ್ಲಿ ಎಣಿಸುತ್ತಾರೆ. ಇದು ಲೆಕ್ಕಕ್ಕೆ ಸುಲಭ. ಆದರೆ ಇದರ ಪ್ರಕಾರ ಎಪ್ಪತ್ತೈದು ವರ್ಷದ ಅಜ್ಜಿಯೊಬ್ಬಳು ಹೊಗೆಯಿಂದ ತೀರಿಕೊಂಡರೆ ದೇಶಕ್ಕೆ ನಷ್ಟವೇ ಇಲ್ಲವೆಂದಂತಾಯಿತು. ಮೊಮ್ಮಕ್ಕಳು ಇದನ್ನು ಒಪ್ಪುವರೆ?

ಎರಡನೆಯದು, ಅಪಾಯವನ್ನು ತಪ್ಪಿಸಿಕೊಳ್ಳಲು ಜನರು ಎಷ್ಟು ಹಣ ಕೊಡಲು ಸಿದ್ಧರಿರುವರೆಂಬುದನ್ನು ನೋಡುವ ಕ್ರಮ. ಒಂದು ಊರಿನಲ್ಲಿ ಒಂದು ಲಕ್ಷ ಜನರಿದ್ದಾರೆನ್ನಿ. ಅವರಲ್ಲಿ ಯಾರೋ ಒಬ್ಬನು ಈ ವರ್ಷ ಹೊಗೆಯಿಂದ ಸಾಯುವ ಸಂಭವವಿದೆ. ಅವನು ಯಾರೆಂಬುದು ಯಾರಿಗೂ ತಿಳಿಯದು. ಆ ಅಪಾಯವನ್ನು ನಿವಾರಿಸಲು ತಲೆಗೆ 200 ರೂಪಾಯಿ ಕೊಡಲು ಎಲ್ಲರೂ ಒಪ್ಪಿದರೆ ಒಟ್ಟು ಎರಡು ಕೋಟಿ ರೂಪಾಯಿ ಆಗುತ್ತದೆ. ಈ ಎರಡು ಕೋಟಿಯನ್ನು ಒಂದು ಜೀವ ಉಳಿಸುವುದರ ಮೌಲ್ಯವೆಂದು ಗಣಿಸುತ್ತಾರೆ. ಇದು ಯಾವ ವ್ಯಕ್ತಿಯ ಕ್ರಯವೂ ಅಲ್ಲ. ಅಪಾಯದ ವಿಷಯದಲ್ಲಿ ಇಡೀ ಸಮುದಾಯ ತೋರುವ ಎಚ್ಚರಿಕೆಯ ಅಳತೆ. ಅಜ್ಜಿಯ ಜೀವಕ್ಕೂ ಇಲ್ಲಿ ಬೆಲೆಯುಂಟು. ಆದರೆ ಇನ್ನೊಂದು ಕೊರತೆ ತಲೆದೋರುತ್ತದೆ. ಬಡವನ ಬಳಿ ಕೊಡಲು ಹಣವಿಲ್ಲ. ಆದುದರಿಂದ ಬಡ ಊರಿನ ಜೀವದ ಮೌಲ್ಯ ಕಡಿಮೆಯಾಗಿ ತೋರುತ್ತದೆ.

ಅಳತೆಗೋಲನ್ನು ಬದಲಾಯಿಸಿದರೆ ಉತ್ತರ ಎಷ್ಟು ಬದಲಾಗುತ್ತದೆಂಬುದಕ್ಕೆ ಚೀನಾವೊಂದೇ ಸಾಕು. ಆ ದೇಶದ ಸರ್ಕಾರವೂ ವಿಶ್ವ ಬ್ಯಾಂಕೂ ಕೂಡಿ ಮಾಡಿದ ಅಧ್ಯಯನವೊಂದು 2007ರಲ್ಲಿ ಹೊರಬಂದಿತು. 2003ನೆಯ ವರ್ಷದಲ್ಲಿ ವಾಯುಮಾಲಿನ್ಯದಿಂದ ಚೀನೀಯರ ಆರೋಗ್ಯಕ್ಕಾದ ನಷ್ಟವು ದುಡಿಮೆಯ ಕ್ರಮವನ್ನು ಹೋಲುವ ಲೆಕ್ಕದಲ್ಲಿ ಸುಮಾರು 15,700 ಕೋಟಿ ಯುವಾನ್; ಎರಡನೆಯ ಕ್ರಮದಲ್ಲಿ ಸುಮಾರು 52,000 ಕೋಟಿ ಯುವಾನ್. ಅಂದರೆ ದೇಶದ ಒಟ್ಟು ಉತ್ಪನ್ನದಲ್ಲಿ ಒಂದು ಲೆಕ್ಕಕ್ಕೆ ಶೇಕಡಾ 1.2, ಇನ್ನೊಂದಕ್ಕೆ ಶೇಕಡಾ 3.8. ಗಾಳಿ ಅದೇ, ಜನರು ಅವರೇ, ಸತ್ತವರೂ ಅವರೇ. ಆಮ್ಲಮಳೆ ಮತ್ತು ಗಂಧಕದ ಅನಿಲದಿಂದ ಬೆಳೆಗಳಿಗೆ, ಅದರಲ್ಲೂ ತರಕಾರಿಗೆ, ಆದ ನಷ್ಟ ಬೇರೆ. ಅದು ಸುಮಾರು 3,000 ಕೋಟಿ ಯುವಾನ್.

ಇನ್ನು ಎರಡು ದೇಶಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡಬಹುದು. ವಿಶ್ವ ಬ್ಯಾಂಕು ಮತ್ತು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಆರೋಗ್ಯ ಸಂಖ್ಯಾಶಾಸ್ತ್ರದ ಸಂಸ್ಥೆ ಜೊತೆಗೂಡಿ 2016ರಲ್ಲಿ ಒಂದು ವರದಿಯನ್ನು ಪ್ರಕಟಿಸಿದವು. ಅದರಲ್ಲಿ 2013ನೆಯ ವರ್ಷಕ್ಕೆ ಸಂಬಂಧಿಸಿದಂತೆ ಪ್ರಪಂಚದ ಅನೇಕ ರಾಷ್ಟ್ರಗಳ ಲೆಕ್ಕವಿದೆ. ಹೊರಗಿನ ಗಾಳಿಯ ಮಾಲಿನ್ಯ, ಮನೆಯೊಳಗಿನ ಹೊಗೆ ಎರಡೂ ಅದರಲ್ಲಿ ಸೇರಿವೆ. ಎಲ್ಲ ರಾಷ್ಟ್ರಗಳಿಗೂ ಅನುಸರಿಸಿದ ವಿಧಾನ ಒಂದೇ. ಬೇರೆ ಬೇರೆ ದೇಶಗಳಲ್ಲಿ ಒಂದೇ ವಸ್ತುವಿಗೆ ಬೇರೆ ಬೇರೆ ಬೆಲೆ ಇರುವುದರಿಂದ, ಆ ವ್ಯತ್ಯಾಸವನ್ನು ಸರಿದೂಗಿಸಿ ಎಲ್ಲವನ್ನೂ ಡಾಲರುಗಳಲ್ಲಿ ತೋರಿಸಲಾಗಿದೆ.

ಆ ವರ್ಷ ಮಲಿನ ವಾಯುವಿನಿಂದ ಚೀನಾದಲ್ಲಿ ಸುಮಾರು 16 ಲಕ್ಷ 25 ಸಾವಿರ ಜನರೂ ಭಾರತದಲ್ಲಿ ಸುಮಾರು 14 ಲಕ್ಷ 3 ಸಾವಿರ ಜನರೂ ಅಕಾಲ ಮರಣಕ್ಕೆ ತುತ್ತಾದರೆಂದು ವರದಿ ಅಂದಾಜು ಮಾಡಿತು. ಸಂಖ್ಯೆಗಳು ಹೆಚ್ಚು ದೂರವಿಲ್ಲ. ಆದರೆ ಜನರು ಕೊಡಲು ಸಿದ್ಧರಿರುವ ಹಣದ ಕ್ರಮದಲ್ಲಿ ಚೀನಾದ ನಷ್ಟ ಸುಮಾರು 1 ಲಕ್ಷ 59 ಸಾವಿರ ಕೋಟಿ ಡಾಲರ್, ಭಾರತದ ನಷ್ಟ ಸುಮಾರು 50,500 ಕೋಟಿ ಡಾಲರ್. ಚೀನಾಕ್ಕೆ ಇದು ದೇಶದ ಒಟ್ಟು ಉತ್ಪನ್ನದ ಶೇಕಡಾ 9.92, ಭಾರತಕ್ಕೆ ಶೇಕಡಾ 7.69. ಈ ಅಂಕಿಗಳನ್ನಷ್ಟೇ ನೋಡಿದವರು ಭಾರತಕ್ಕೆ ಹೊಗೆಯಿಂದಾಗುವ ಹಾನಿ ಚೀನಾದ ಹಾನಿಯ ಮೂರನೆಯ ಒಂದು ಪಾಲು ಮಾತ್ರ ಎಂದು ನಿಶ್ಚಿಂತರಾಗಬಹುದು.

ಅದೇ ವರದಿಯ ಇನ್ನೊಂದು ಪಟ್ಟಿಯನ್ನು ತೆರೆದರೆ ತಕ್ಕಡಿ ಆಚೆಯ ಕಡೆಗೆ ವಾಲುತ್ತದೆ. ದುಡಿಮೆಯ ಕ್ರಮದಲ್ಲಿ ಚೀನಾದ ನಷ್ಟ ಸುಮಾರು 4,457 ಕೋಟಿ ಡಾಲರ್, ಭಾರತದ್ದು ಸುಮಾರು 5,539 ಕೋಟಿ ಡಾಲರ್. ಒಟ್ಟು ಉತ್ಪನ್ನದ ಪ್ರಮಾಣದಲ್ಲಿ ಹೇಳುವುದಾದರೆ ಚೀನಾಕ್ಕೆ ಶೇಕಡಾ 0.28, ಭಾರತಕ್ಕೆ ಶೇಕಡಾ 0.84; ಮೂರು ಪಟ್ಟು. ಮೊದಲ ಪಟ್ಟಿಯಲ್ಲಿ ಹಗುರವಾಗಿದ್ದ ದೇಶ ಇಲ್ಲಿ ಭಾರವಾಯಿತು.

ಇದು ಲೆಕ್ಕದ ತಪ್ಪಲ್ಲ. ಒಂದು ಭಾಗಾಕಾರದಿಂದ ಇದರ ಒಳಗುಟ್ಟನ್ನು ಅರಿಯಬಹುದು. ಮೊದಲ ಪಟ್ಟಿಯ ಮೊತ್ತವನ್ನು ಸತ್ತವರ ಸಂಖ್ಯೆಯಿಂದ ಭಾಗಿಸಿದರೆ ಚೀನಾದಲ್ಲಿ ಒಂದು ಮರಣಕ್ಕೆ ಸುಮಾರು 9 ಲಕ್ಷ 78 ಸಾವಿರ ಡಾಲರ್, ಭಾರತದಲ್ಲಿ ಸುಮಾರು 3 ಲಕ್ಷ 60 ಸಾವಿರ ಡಾಲರ್ ಬರುತ್ತದೆ. ಆ ಕಾಲಕ್ಕೆ ಚೀನೀಯರ ತಲಾ ವರಮಾನ ಭಾರತೀಯರ ವರಮಾನದ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ವರಮಾನ ಏರಿದಂತೆ ಜೀವದ ಮೌಲ್ಯವೂ ಏರುವುದು ಈ ಕ್ರಮದ ಲಕ್ಷಣ. ಹಿಮಾಲಯವನ್ನು ದಾಟಿದೊಡನೆ ಒಂದೇ ಹೊಗೆ, ಒಂದೇ ಕೆಮ್ಮು ಅಗ್ಗವಾಗಿಬಿಡುತ್ತದೆ! ಬಡವನು ತನ್ನ ಜೀವವನ್ನು ಕಡಿಮೆ ಪ್ರೀತಿಸುವುದಿಲ್ಲ. ಅವನ ಕಿಸೆಯಲ್ಲಿ ಇರುವುದು ಕಡಿಮೆ. ಈ ಅಳತೆಗೋಲು ಕಿಸೆಯನ್ನು ಮಾತ್ರ ಕಾಣಬಲ್ಲದು.

ಎರಡನೆಯ ಪಟ್ಟಿಯನ್ನು ಹಾಗೆಯೇ ಭಾಗಿಸಿದರೆ ಚೀನಾದ ಒಂದು ಮರಣಕ್ಕೆ ಸುಮಾರು 27 ಸಾವಿರ ಡಾಲರ್, ಭಾರತದ ಒಂದು ಮರಣಕ್ಕೆ 39 ಸಾವಿರಕ್ಕೂ ಹೆಚ್ಚು. ಚೀನಾದ ಕೂಲಿ ಹೆಚ್ಚಾಗಿದ್ದರೂ ಹೀಗೇಕೆ? ಮುಖ್ಯ ಕಾರಣ ಸತ್ತವರ ವಯಸ್ಸು. ಚೀನಾದ ಜನತೆ ಭಾರತದ ಜನತೆಗಿಂತ ಹಿರಿಯ ವಯಸ್ಸಿನದು. ಅಲ್ಲಿ ಹೊಗೆಗೆ ಬಲಿಯಾದವರಲ್ಲಿ ದುಡಿಮೆಯನ್ನು ಮುಗಿಸಿ ವಿಶ್ರಾಂತರಾಗಿದ್ದ ವೃದ್ಧರ ಪಾಲು ದೊಡ್ಡದು. ಭಾರತದಲ್ಲಿ ದುಡಿಯುವ ವಯಸ್ಸಿನವರೂ, ಮುಂದೆ ದುಡಿಯಬೇಕಾಗಿದ್ದ ಎಳೆಯರೂ ಹೆಚ್ಚು ಪ್ರಮಾಣದಲ್ಲಿ ಸಾಯುತ್ತಾರೆ. ಮೂವತ್ತರ ಹರೆಯದವನೊಬ್ಬ ಸತ್ತರೆ ಮೂವತ್ತು ವರ್ಷಗಳ ಸಂಪಾದನೆ ಅವನೊಡನೆ ಹೋಗುತ್ತದೆ. ಮೊದಲ ಪಟ್ಟಿ ಮರೆಮಾಡಿದ ಈ ಸಂಗತಿಯನ್ನು ಎರಡನೆಯ ಪಟ್ಟಿ ಬಯಲಿಗೆ ತಂದಿತು.

ಆದುದರಿಂದ ವಾಯುಮಾಲಿನ್ಯದಿಂದ ಯಾವ ದೇಶಕ್ಕೆ ಹೆಚ್ಚು ನಷ್ಟ ಎಂದು ಯಾರಾದರೂ ಒಂದೇ ಅಂಕಿಯನ್ನು ಮುಂದಿಟ್ಟರೆ, ಅದನ್ನು ಯಾವ ಕೋಲಿನಿಂದ ಅಳೆದರೆಂದು ಕೇಳುವುದು ನ್ಯಾಯ. ಭಾರತಕ್ಕೇ ಸಂಬಂಧಿಸಿದಂತೆ 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲಾದ ಸಂಸ್ಥೆಗಳ ವಿಜ್ಞಾನಿಗಳು ಬೇರೊಂದು ಲೆಕ್ಕವನ್ನು ಪ್ರಕಟಿಸಿದರು. 2019ರಲ್ಲಿ ಮಲಿನ ವಾಯುವಿನಿಂದ ದೇಶದಲ್ಲಿ 16 ಲಕ್ಷ 70 ಸಾವಿರ ಜನ ಸತ್ತರು. ಮರಣ ಮತ್ತು ಕಾಯಿಲೆಗಳಿಂದ ಕಳೆದುಹೋದ ಉತ್ಪಾದನೆ ಸುಮಾರು 3,680 ಕೋಟಿ ಡಾಲರ್, ಅಂದರೆ ಸುಮಾರು 2 ಲಕ್ಷ 60 ಸಾವಿರ ಕೋಟಿ ರೂಪಾಯಿ. ಒಟ್ಟು ಉತ್ಪನ್ನದ ಶೇಕಡಾ 1.36. ಮೇಲಿನ ಶೇಕಡಾ 7.69ಕ್ಕೂ ಇದಕ್ಕೂ ಇರುವ ಅಂತರವನ್ನು ಕಂಡು, ಆರು ವರ್ಷಗಳಲ್ಲಿ ಗಾಳಿ ಅಷ್ಟೊಂದು ಶುದ್ಧವಾಯಿತೆಂದು ಭ್ರಮಿಸಬಾರದು. ನಷ್ಟದ ಭಾರ ದೇಶದೊಳಗೂ ಸಮನಾಗಿ ಹಂಚಿಹೋಗಿರಲಿಲ್ಲ. ರಾಜ್ಯದ ಉತ್ಪನ್ನದೊಡನೆ ಹೋಲಿಸಿದಾಗ ಉತ್ತರ ಪ್ರದೇಶ ಮತ್ತು ಬಿಹಾರಗಳ ನಷ್ಟವೇ ಎಲ್ಲಕ್ಕಿಂತ ಹೆಚ್ಚು. ಅವು ದೇಶದ ಬಡ ರಾಜ್ಯಗಳೂ ಹೌದು.

ಗಾಳಿಯನ್ನು ಶುದ್ಧಗೊಳಿಸುವುದಕ್ಕೂ ವೆಚ್ಚವುಂಟು. 2013ರ ಜನವರಿಯಲ್ಲಿ ಬೀಜಿಂಗ್ ನಗರವನ್ನು ಕವಿದ ಹೊಗೆಮಂಜಿನ ಬಳಿಕ ಚೀನಾ ಸರ್ಕಾರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಕಾರ್ಯಯೋಜನೆಯನ್ನು ಘೋಷಿಸಿತು. ಹಳೆಯ ಕಾರ್ಖಾನೆಗಳನ್ನು ಮುಚ್ಚಿಸಿತು. ಕಲ್ಲಿದ್ದಲಿನ ಬಾಯ್ಲರುಗಳನ್ನು ತೆಗೆಸಿತು. ಬೀಜಿಂಗಿನ ಗಾಳಿಯಲ್ಲಿ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ 2013ರಲ್ಲಿ ಒಂದು ಘನಮೀಟರಿಗೆ 89.5 ಮೈಕ್ರೊಗ್ರಾಂ ಇದ್ದದ್ದು 2017ರಲ್ಲಿ 58ಕ್ಕೆ ಇಳಿಯಿತು. ಇದು ಸಾಧನೆಯೇ ಸರಿ. ಆದರೆ ಆ ಸಾಧನೆಯ ಬೆಲೆಯನ್ನು ತೆತ್ತವರೂ ಇದ್ದರು. 2017ರ ಚಳಿಗಾಲದಲ್ಲಿ ಉತ್ತರದ ಹಳ್ಳಿಗಳಲ್ಲಿ ಕಲ್ಲಿದ್ದಲಿನ ಒಲೆಗಳನ್ನು ಕಿತ್ತುಹಾಕಿದ್ದರು. ಅವುಗಳ ಬದಲಿಗೆ ಬರಬೇಕಾಗಿದ್ದ ಅನಿಲ ಸಕಾಲಕ್ಕೆ ಸಾಲಲಿಲ್ಲ. ಹೆಬೆಯ್ ಪ್ರಾಂತದ ಕೆಲವು ಪ್ರಾಥಮಿಕ ಶಾಲೆಗಳಲ್ಲಿ ಕೊಠಡಿಯ ಚಳಿಯನ್ನು ತಾಳಲಾರದೆ ಮಕ್ಕಳು ಹೊರಗೆ ಬಿಸಿಲಿನಲ್ಲಿ ಕುಳಿತು ಪಾಠ ಕಲಿತರು. ಈ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ, ಬದಲಿ ವ್ಯವಸ್ಥೆ ಸಿದ್ಧವಿಲ್ಲದ ಕಡೆ ಕಲ್ಲಿದ್ದಲನ್ನೇ ಉರಿಸಬಹುದೆಂದು ಸರ್ಕಾರ ಅನುಮತಿ ಕೊಡಬೇಕಾಯಿತು.

ಭಾರತದಲ್ಲಿ 1981ರಿಂದ ವಾಯುಮಾಲಿನ್ಯ ನಿವಾರಣೆಯ ಕಾಯಿದೆಯಿದೆ. 2019ರಲ್ಲಿ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮ ಪ್ರಾರಂಭವಾಯಿತು. ಇವುಗಳ ದೃಷ್ಟಿ ಹೆಚ್ಚಾಗಿ ನಗರಗಳ ಕಡೆಗೆ. ಆದರೆ 2019ರ ಆ 16 ಲಕ್ಷ 70 ಸಾವಿರ ಮರಣಗಳಲ್ಲಿ ಸುಮಾರು 6 ಲಕ್ಷ 10 ಸಾವಿರ ಮರಣಗಳಿಗೆ ಕಾರಣವಾದದ್ದು ಮನೆಯೊಳಗಿನ ಒಲೆಯ ಹೊಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ವಿಭಾಗವು ಈ ಕಷ್ಟವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಒಂದೇ ಉರಿಗೆ ಮೂರು ಪಾತ್ರೆಗಳನ್ನಿಡಬಹುದು. ಸೌದೆ ಕಡಿಮೆ ಸಾಕು. ಹೊಗೆಯು ಕೊಳವೆಯ ಮೂಲಕ ಮನೆಯ ಹೊರಕ್ಕೆ ಹೋಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಒಲೆಗಳು ಹಾಕಲ್ಪಟ್ಟವು.

2016ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಉಜ್ವಲಾ’ ಯೋಜನೆಯನ್ನು ಆರಂಭಿಸಿ, 2019ರ ಸೆಪ್ಟೆಂಬರ್ ಹೊತ್ತಿಗೆ ಬಡ ಕುಟುಂಬಗಳ ಹೆಂಗಸರ ಹೆಸರಿನಲ್ಲಿ ಎಂಟು ಕೋಟಿ ಅಡಿಗೆ ಅನಿಲದ ಸಂಪರ್ಕಗಳನ್ನು ಕೊಟ್ಟಿತು. ಅಷ್ಟು ಅಡಿಗೆಮನೆಗಳನ್ನು ಅನಿಲ ತಲುಪಿತು. ಆದರೂ ಸಂಪರ್ಕ ಪಡೆದ ಮನೆಗಳಲ್ಲಿ ಅನೇಕವು ಸೌದೆಯ ಒಲೆಯನ್ನು ಪೂರ್ತಿಯಾಗಿ ಆರಿಸಲಿಲ್ಲ. ಚಹಾಕ್ಕೋ ನೆಂಟರು ಬಂದಾಗಿನ ಅಡಿಗೆಗೋ ಅನಿಲ. ಸ್ನಾನದ ನೀರಿಗೆ, ರೊಟ್ಟಿಗೆ, ದನದ ಬೂಸಾ ಬೇಯಿಸುವುದಕ್ಕೆ ಸೌದೆ. ಇದನ್ನು ಅಜ್ಞಾನವೆಂದು ತೆಗಳುವವರುಂಟು. ಅದು ಸರಿಯಲ್ಲ, ಆ ಮನೆಯವರೂ ಒಂದು ಲೆಕ್ಕವನ್ನೇ ಮಾಡಿದ್ದಾರೆ. ಖಾಲಿಯಾದ ಸಿಲಿಂಡರನ್ನು ತುಂಬಿಸಲು ನಗದು ಹಣ ಬೇಕು. ಕಾಡಿನಿಂದ, ಹೊಲದ ಬದುವಿನಿಂದ ಆಯ್ದು ತರುವ ಸೌದೆಗೆ ಯಾರಿಗೂ ಕಾಸು ಕೊಡಬೇಕಾಗಿಲ್ಲ. ಅದನ್ನು ಆಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತರುವವಳು ಮನೆಯ ಹೆಂಗಸು. ಒಲೆಯ ಮುಂದೆ ಕುಳಿತು ಕೆಮ್ಮುವವಳೂ ಅವಳೇ. ಅದಕ್ಕಾಗಿ ಅವಳು ಕಳೆಯುವ ಹೊತ್ತಿಗೆ ಆ ಮನೆಯ ಲೆಕ್ಕದಲ್ಲಿ ಬೆಲೆಯಿಲ್ಲ. 2013ನೆಯ ವರ್ಷವನ್ನು ಕುರಿತ ವಿಶ್ವ ಬ್ಯಾಂಕಿನ ಲೆಕ್ಕವೂ ಅಕಾಲ ಮರಣಗಳನ್ನು ಮಾತ್ರ ಎಣಿಸಿತ್ತು. ಬದುಕಿದ್ದು ಕೆಮ್ಮುತ್ತಿರುವವರು ಅದರಲ್ಲಿ ಸೇರಿರಲಿಲ್ಲ. 1918ರ ಮ್ಯಾಂಚೆಸ್ಟರಿನಲ್ಲಿ ಸೋಪಿನ ಬೆಲೆಯನ್ನು ಪೆನ್ನಿಯವರೆಗೂ ಬರೆದುಕೊಂಡು ಒಗೆದವಳ ದುಡಿಮೆಯನ್ನು ಬಿಟ್ಟದ್ದು ಹೀಗೆಯೇ.